ಗೆರೆಯಪ್ಪನೂ ಅತ್ತೆಯ ಇಂಕಿನ ಹೂವೂ

ಗೆರೆಯಪ್ಪ ಹುಟ್ಟಿದ ದಿನ ಅವನನ್ನು ತೊಟ್ಟಿಲಲ್ಲಿ ಕೊಂಚ ಓರೆಯಾಗಿ ಮಲಗಿಸಿದ್ದರಂತೆ. ಕೂಸು ಒಂದೇ ಸಮನೆ ಅತ್ತಿತು. ಹಾಲು ಕೊಟ್ಟರು, ಅತ್ತಿತು. ಎತ್ತಿ ಕುಣಿಸಿದರು, ಇನ್ನೂ ಜೋರಾಗಿ ಅತ್ತಿತು. ಕೊನೆಗೆ ಯಾರೋ ಪುಣ್ಯಾತ್ಮರು ತೊಟ್ಟಿಲ ಅಂಚಿಗೆ ಸರಿಸಮನಾಗಿ ನೆಟ್ಟಗೆ ಮಲಗಿಸಿದರು ನೋಡಿ, ತಕ್ಷಣ ಗಪ್‌ಚಿಪ್! ಈ ಕತೆಗೆ ಸಾಕ್ಷಿ ಯಾರು ಎಂದು ಕೇಳಬೇಡಿ. ಗೆರೆಯಪ್ಪನೇ ಸಾಕ್ಷಿ. ಮೂವತ್ತು ವರ್ಷದಿಂದ ಈ ಕತೆ ಹೇಳುತ್ತಿರುವವನೂ ಅವನೇ.

ಮುಂದೆ ಈ ಮಹಾಪುರುಷ ನಗರಸಭೆಯಲ್ಲಿ ರಸ್ತೆಗೆ ಬಿಳಿ ಗೆರೆ ಎಳೆಯುವ ಕೆಲಸಕ್ಕೆ ಸೇರಿದ. ದೇವರು ಕೆಲವರನ್ನು ಕೆಲವು ಕೆಲಸಕ್ಕೆಂದೇ ಅಳತೆ ಕೊಟ್ಟು ಹೊಲಿಸಿ ಕಳುಹಿಸುತ್ತಾನೆ. ದಾರ ಕಟ್ಟಿ, ಸೀಮೆಸುಣ್ಣದ ಪುಡಿ ಹಚ್ಚಿ, ಫಟ್ ಎಂದು ದಾರ ಮೀಟಿ, ಅದರ ಮೇಲೆ ಮೂರು ಗಾಲಿಯ ಬಣ್ಣದ ಯಂತ್ರ ತಳ್ಳಿಕೊಂಡು ಹೋದನೆಂದರೆ ಮುಗಿಯಿತು. ಅವನ ಗೆರೆಯ ಮೇಲೆ ಇರುವೆ ನಡೆದರೂ ಅದು ಬಲಕ್ಕೋ ಎಡಕ್ಕೋ ವಾಲುತ್ತಿರಲಿಲ್ಲ ಎಂದು ಅವನ ಜೊತೆಗಾರ ಡಬ್ಬಿ ಹೇಳುತ್ತಿದ್ದ. ಐವತ್ತು ದಾಟಿದ ಈ ಡಬ್ಬಿಗೆ ಆ ಹೆಸರು ಬಂದದ್ದು ಇಪ್ಪತ್ತು ವರ್ಷದಿಂದ ಗೆರೆಯಪ್ಪನ ಹಿಂದೆ ಬಣ್ಣದ ಡಬ್ಬಿ ಹೊತ್ತು ನಡೆದದ್ದಕ್ಕೆ.

ಮನೆಯಲ್ಲೂ ಅದೇ ಸಾಮ್ರಾಜ್ಯ. ಚಪ್ಪಲಿಗಳು ಸಾಲಿನಲ್ಲಿ. ಬಟ್ಟೆ ಒಣಹಾಕುವ ತಂತಿಯ ಮೇಲೆ ಕ್ಲಿಪ್ಪುಗಳು ನಾಲ್ಕು ಬೆರಳಿನ ಅಂತರದಲ್ಲಿ. ಸ್ನಾನದ ಮನೆಯ ಸೋಪು ಗೋಡೆಗೆ ಸಮಾನಾಂತರ. ಇಷ್ಟೆಲ್ಲ ಗೆದ್ದ ಚಕ್ರವರ್ತಿಗೆ ಒಂದೇ ಒಂದು ಪ್ರಾಂತ್ಯ ಕಪ್ಪಕಾಣಿಕೆ ಕೊಡದೆ ಉಳಿದಿತ್ತು. ಅದು ಮನೆಯ ಮುಂದಿನ ಹೂದೋಟ. ಅಲ್ಲಿ ಹೆಂಡತಿಯ ಆಳ್ವಿಕೆ.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಬೀದಿಗೆಲ್ಲ ಅವಳು ಸಿಸ್ಟರಮ್ಮ. ದಿನವಿಡೀ ರೋಗಿಗಳನ್ನು ಹೊತ್ತು ಹೊತ್ತಿಗೆ ಎಬ್ಬಿಸಿ, ಹೊತ್ತು ಹೊತ್ತಿಗೆ ಮಲಗಿಸಿ ಸಾಕಾದವಳು ತೋಟದಲ್ಲಿ ಯಾರನ್ನೂ ಏಳು ಎನ್ನುತ್ತಿರಲಿಲ್ಲ, ಮಲಗು ಎನ್ನುತ್ತಿರಲಿಲ್ಲ. ಅವಳು ಬೀಜ ಬಿತ್ತಿದ್ದನ್ನೇ ಗೆರೆಯಪ್ಪ ನೋಡಿರಲಿಲ್ಲ. ಚೆಂಡುಹೂವು ಒಣಗಿ ಉದುರುತ್ತಿತ್ತು, ಮಾರನೇ ವರ್ಷ ತಾನಾಗಿ ಮೇಲೇಳುತ್ತಿತ್ತು. ಸಂಜೆಮಲ್ಲಿಗೆ ಬಾಗಿಲ ಮೆಟ್ಟಿಲ ಪಕ್ಕ ಹುಟ್ಟುತ್ತಿತ್ತು. ಕೋಳಿಜುಟ್ಟು ಚರಂಡಿಯ ಅಂಚಿನಲ್ಲಿ ಜುಟ್ಟು ಕುಣಿಸುತ್ತಿತ್ತು. ಕರ್ಣಕುಂಡಲದ ಕಾಯಿಯಂತೂ ಬಲಿತ ಮೇಲೆ ಬೆರಳು ತಾಗಿದರೆ ಸಾಕು, ಪಟ್ಟನೆ ಒಡೆದು ಬೀಜವನ್ನು ನಾಲ್ಕು ಮಾರು ದೂರ ಸಿಡಿಸುತ್ತಿತ್ತು. ಒಮ್ಮೆ ಗೆರೆಯಪ್ಪನ ಕಾಫಿ ಲೋಟಕ್ಕೇ ಸಿಡಿಸಿತ್ತು!

"ಇದು ತೋಟವೇನೇ? ಜಾತ್ರೆ ಮುಗಿದ ಮೈದಾನ!" ಎಂದು ಗೆರೆಯಪ್ಪ ಗುಡುಗುತ್ತಿದ್ದ.

"ಅವಕ್ಕೆ ಎಲ್ಲಿ ಹಿತವೋ ಅಲ್ಲಿ ಹುಟ್ಟುತ್ತವೆ ರೀ. ನಿಮ್ಮನ್ನ ಕೇಳಿ ಹುಟ್ಟಬೇಕಾ?"

"ಒಂದಾದರೂ ಇನ್ನೊಂದರ ಪಕ್ಕದಲ್ಲಿ ನೆಟ್ಟಗೆ ನಿಂತಿದೆಯಾ?"

"ನಿಂತಿದ್ದರೆ ಆ ಗಿಡಕ್ಕೇನೋ ಕಾಯಿಲೆ ಅಂತ ನಾನು ಔಷಧಿ ಹಾಕ್ತಿದ್ದೆ."

ಈ ಗಿಡಗಳ ಗುಂಪಿನಲ್ಲಿ ರಾಣಿಯ ಪಟ್ಟ ಒಂದು ಕರ್ಣಕುಂಡಲಕ್ಕೆ ಸಂದಿತ್ತು. ಬಿಳಿಯ ಎಸಳು, ಅದರ ಮೇಲೆ ಯಾರೋ ಲೇಖನಿ ಝಾಡಿಸಿದಂತೆ ನೇರಳೆ ಚಿಮುಕು. ಇಪ್ಪತ್ತೆರಡು ವರ್ಷದ ಹಿಂದೆ, ಶಾಲೆಯ ಟೀಚರಾಗಿದ್ದ ಅತ್ತೆ, ಮಗಳ ಹೊಸ ಮನೆ ನೋಡಲು ಬಂದಾಗ, ಕೈಚೀಲ ಕೊಡವಿ ಹಿಡಿ ಬೀಜ ಎರಚಿ ಹೋಗಿದ್ದರು. ಅಂದಿನಿಂದ ಯಾರೂ ಬಿತ್ತದೆ, ಯಾರೂ ಕೇಳದೆ, ವರ್ಷಕ್ಕೊಮ್ಮೆ ಅದು ಬರುತ್ತಿತ್ತು. ಯಾವ ನರ್ಸರಿಯಲ್ಲೂ ಆ ಬಣ್ಣ ಇರಲಿಲ್ಲ. ಮನೆಯಲ್ಲಿ ಅದಕ್ಕೆ ಇಂಕಿನ ಹೂವು ಎಂದೇ ಹೆಸರು. ಮೊದಲ ಹೂವು ಅರಳಿದ ದಿನ ಸಿಸ್ಟರಮ್ಮ ಅಮ್ಮನಿಗೆ ಫೋನು ಮಾಡುತ್ತಿದ್ದಳು. ಅಳಿಯನ ಆರೋಗ್ಯ ಕೇಳುವ ಮೊದಲು ಅತ್ತೆ ಆ ಹೂವಿನ ಆರೋಗ್ಯ ಕೇಳುತ್ತಿದ್ದರು.

ಆ ವರ್ಷ ಅತ್ತೆಗೆ ಮಂಡಿಯ ಆಪರೇಷನ್ ಆಯಿತು. ಸಿಸ್ಟರಮ್ಮ ಎರಡು ತಿಂಗಳು ರಜೆ ಹಾಕಿ ಅಮ್ಮನ ಊರಿಗೆ ಹೊರಟಳು. ಹೊರಡುವಾಗ ಬಾಗಿಲಲ್ಲಿ ನಿಂತು, ರೋಗಿಗೆ ಮಾತ್ರೆ ವಿವರಿಸುವ ಧಾಟಿಯಲ್ಲಿ ಹೇಳಿದಳು:

"ದಿನಾ ನೀರು. ಅಷ್ಟೇ. ಬೇರೇನೂ ಮಾಡಬೇಡಿ."

"ಸರಿ."

"ಕೈ ಇಡಬೇಡಿ. ದಾರ ಅಂತೂ ತೆಗೀಲೇಬೇಡಿ."

"ಛೆ, ನನ್ನನ್ನ ಏನಂದ್ಕೊಂಡಿದ್ದೀ!"

"ಇಪ್ಪತ್ತೆರಡು ವರ್ಷದಿಂದ ನೋಡ್ತಿದ್ದೀನಿ. ಅದಕ್ಕೇ ಹೇಳಿದ್ದು."

ಆಟೋ ತಿರುವು ದಾಟಿತೋ ಇಲ್ಲವೋ, ಗೆರೆಯಪ್ಪ ಅಂಗಳದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು ಶಪಥ ಮಾಡಿದ. ಅರವತ್ತು ದಿನ! ಅರವತ್ತನೆಯ ದಿನ ಅವಳು ಗೇಟು ತೆಗೆದಾಗ ಇಲ್ಲಿ ಹೂವಿನ ಸೇನೆ ಸಾಲುಗಟ್ಟಿ ಸಲಾಮು ಹೊಡೆಯಬೇಕು! ಅವಳ ಕಣ್ಣಲ್ಲಿ ನೀರು ಬರಬೇಕು!

ಎರಡನೆಯದು ಒಂದು ರೀತಿಯಲ್ಲಿ ಈಡೇರಿತು ಬಿಡಿ.

ಮರುದಿನವೇ ದಂಡಯಾತ್ರೆ ಶುರು. ಮೊದಲು ದಾರ. ಗೋಡೆಯಿಂದ ಗೋಡೆಗೆ ಹನ್ನೊಂದು ಸಾಲು. ಗೆರೆಯಪ್ಪ ರೂಪಿಸಿದ ಸಸ್ಯಶಾಸ್ತ್ರದಲ್ಲಿ ಒಂದೇ ಸೂತ್ರವಿತ್ತು: ದಾರದ ಕೆಳಗಿರುವುದು ಗಿಡ, ದಾರದ ಆಚೆಗಿರುವುದು ಕಳೆ. ಆಗಷ್ಟೇ ನೂರಾರು ಸಸಿಗಳು ಎರಡೆರಡು ಎಲೆ ಬಿಟ್ಟು, ಬೆಳಗ್ಗೆ ಎದ್ದ ಮಕ್ಕಳಂತೆ ಕಣ್ಣುಜ್ಜಿಕೊಂಡು ನಿಂತಿದ್ದವು. ಒಂದೂ ದಾರದ ಕೆಳಗಿರಲಿಲ್ಲ. ಎಲ್ಲವನ್ನೂ ಕಿತ್ತ. ಆಮೇಲೆ ನೋಡುತ್ತಾನೆ, ನೆಲವೇ ಏರುಪೇರು! ಸಮಮಟ್ಟದ ಹಲಗೆ ಇಟ್ಟು, ಮೇಲಿನ ಎರಡು ಅಂಗುಲ ಮಣ್ಣನ್ನು ಸಸಿಗಳ ಸಮೇತ ಕೆರೆದು ತೆಗೆದ. ಹದಿನೆಂಟು ಚೀಲ ಮಣ್ಣಾಯಿತು.

"ಅಣ್ಣ, ಇದನ್ನೇನು ಮಾಡೋದು?" ಎಂದ ಡಬ್ಬಿ. ಅವನನ್ನು ಟೀ ಕೊಡಿಸುವ ಆಸೆ ತೋರಿಸಿ ಕರೆಸಿಕೊಂಡಿದ್ದ.

"ದೊಡ್ಡ ರಸ್ತೆ ಡಿವೈಡರ್‌ಗೆ ಮಣ್ಣು ಬೇಕು ಅಂತಿದ್ರಲ್ಲ, ಸುರಿದುಬಿಡು. ಕಸಕ್ಕೆ ಕಸವೂ ಹೋಯ್ತು, ಕೆಲಸಕ್ಕೆ ಕೆಲಸವೂ ಆಯ್ತು."

ನಗರಸಭೆಯ ಲಾರಿ ಹದಿನೆಂಟು ಚೀಲ ಹೊತ್ತು ಹೋಗಿ ರಸ್ತೆಯ ನಡುವಿನ ಆ ಉದ್ದನೆಯ ಕಲ್ಲುತೊಟ್ಟಿಗೆ ಸುರಿದು ಬಂತು. ಇತ್ತ ಗೆರೆಯಪ್ಪ ಅಂಗಡಿಯಿಂದ ಏಳು ಪೊಟ್ಟಣ ಬೀಜ ತಂದು, ಸ್ಕೇಲು ಹಿಡಿದು, ನಾಲ್ಕು ಬೆರಳಿಗೊಂದರಂತೆ ಬಿತ್ತಿದ. ನಗರದ ಇರುವೆಗಳ ಇತಿಹಾಸದಲ್ಲಿ ಆ ವಾರವನ್ನು ಸುವರ್ಣಯುಗ ಎಂದು ಬರೆದಿಟ್ಟಿರಬೇಕು. ಹುಡುಕುವ ಶ್ರಮವೂ ಇಲ್ಲ. ದಾರ ಹಿಡಿದುಕೊಂಡು ಹೋದರೆ ನಾಲ್ಕು ಬೆರಳಿಗೊಂದು ಊಟ! ಅವೂ ಸಾಲಿನಲ್ಲೇ ಬಂದವು, ಸಾಲಿನಲ್ಲೇ ಹೊತ್ತವು. ಆ ಶಿಸ್ತನ್ನು ನೋಡಿ ಗೆರೆಯಪ್ಪ ಅವುಗಳ ಮೇಲೆ ಕೈ ಮಾಡಲಾರದೆ ಹೋದ.

ಆದರೂ ಮೂರನೆಯ ವಾರ ಸರಿಯಾಗಿ ದಾರದ ಕೆಳಗೆ ಏಳು ಸಸಿ ಎದ್ದವು. ಗೆರೆಯಪ್ಪ ಕುಣಿದಾಡಿದ. ಪ್ರತಿಯೊಂದಕ್ಕೂ ಊರುಗೋಲು ಕೊಟ್ಟ. ಒಂದರಿಂದ ಏಳರವರೆಗೆ ಸಂಖ್ಯೆ ಬರೆದ ಚೀಟಿ ಕಟ್ಟಿದ. ಸಂಜೆ ಫೋನಿನಲ್ಲಿ ಹೆಂಡತಿ ಕೇಳಿದಳು:

"ತೋಟ ಹೇಗಿದೆ?"

"ನೆಟ್ಟಗಿದೆ!"

"ಇಂಕಿನ ಹೂವಿನ ಸಸಿ ಎದ್ದಿರಬೇಕಲ್ಲ? ಮೆಟ್ಟಿಲ ಪಕ್ಕ, ಗೋಡೆ ಹತ್ತಿರ?"

ಗೆರೆಯಪ್ಪ ಮೆಟ್ಟಿಲ ಪಕ್ಕ ನೋಡಿದ. ಗೋಡೆ ಹತ್ತಿರ ನೋಡಿದ. ನೆಲ ಕೇರಂ ಬೋರ್ಡಿನಂತೆ ನುಣ್ಣಗೆ ಹೊಳೆಯುತ್ತಿತ್ತು.

"ಎದ್ದಿದೆ ಎದ್ದಿದೆ," ಎಂದ. ಸಸಿಗಳು ಎದ್ದು ಹೋಗಿದ್ದವು ಎನ್ನುವುದು ನಿಜವೇ ತಾನೆ!

"ಅಬ್ಬ! ಬದುಕಿಸಿದ್ರಿ. ಇಲ್ಲಿ ಅಮ್ಮ ಹಾಸಿಗೆ ಬಿಟ್ಟು ಏಳ್ತಾನೇ ಇಲ್ಲ ರೀ. ಮಂಡಿ ಚೆನ್ನಾಗಿ ಕೂಡಿದೆ, ಡಾಕ್ಟರು ನಡೀರಿ ಅಂತಾರೆ. ಇವರಿಗೆ ಭಯ. ಬಿದ್ದರೆ ಅಂತ ಭಯ. ಕಾಲು ನೆಲಕ್ಕೆ ಊರಲ್ಲ. ಹೀಗೇ ಇನ್ನೊಂದು ತಿಂಗಳು ಕೂತರೆ ಆ ಕಾಲು ಆಮೇಲೆ ಏಳೋದೇ ಇಲ್ಲ. ನಾನು ಎಷ್ಟು ಜನರನ್ನ ನೋಡಿದ್ದೀನಿ." ಅವಳ ಧ್ವನಿ ಕೊಂಚ ಇಳಿಯಿತು. "ಕೊನೆಗೆ ಒಂದಕ್ಕೆ ಒಪ್ಪಿದ್ದಾರೆ. ನಮ್ಮ ಮನೆಗೆ ಬಂದಾಗ ಇಂಕಿನ ಹೂವು ಅರಳಿದ್ದರೆ, ಗೇಟಿನಿಂದ ಅದರ ತನಕ ಎದ್ದು ನಡೀತಾರಂತೆ. ಅದೊಂದಕ್ಕೇ ರೀ. ಹಾಗಾಗಿ ನೋಡಿಕೊಳ್ಳಿ."

ಹಿಂದಿನಿಂದ ಅತ್ತೆಯ ಧ್ವನಿ ಕೇಳಿಸಿತು: "ಅಳಿಯಂದ್ರಿಗೆ ಹೇಳು, ಕುರ್ಚೀಲಿ ಕೂರಿಸ್ಕೊಂಡು ಹೋಗಿ ತೋರಿಸಿದ್ರೆ ನಾನು ನೋಡಲ್ಲ. ಆ ಹೂವಿನ ಮುಂದೆ ನಾನು ನಿಂತೇ ನೋಡೋದು."

ಗೆರೆಯಪ್ಪ ಫೋನಿಟ್ಟ. ಮೊಟ್ಟಮೊದಲ ಬಾರಿಗೆ ಫೋನನ್ನು ಮೇಜಿನ ಮೇಲೆ ಓರೆಯಾಗಿ ಇಟ್ಟ.

ಪಕ್ಕದ ಮನೆಯಲ್ಲಿ ನಿವೃತ್ತ ಪೋಸ್ಟ್‌ಮೇಷ್ಟ್ರು. ಅವರಿಗೆ ಗಿಡಗಳ ವಿಳಾಸವೆಲ್ಲ ಗೊತ್ತು. ಗೋಡೆಯ ಮೇಲಿಂದ ಇಣುಕಿ, ಊರುಗೋಲು ಹಿಡಿದು ನಿಂತ ಏಳು ಗಿಡಗಳನ್ನು ನೋಡಿ ಕನ್ನಡಕ ಒರೆಸಿಕೊಂಡರು.

"ಏನು, ಔಷಧಿ ಅಂಗಡಿ ಇಡ್ತೀಯೇನಯ್ಯ?"

"ಯಾಕೆ ಮೇಷ್ಟ್ರೇ?"

"ಅಲ್ಲ, ಉತ್ತರಾಣಿಗೆ ಇಷ್ಟು ಉಪಚಾರ ಮಾಡಿದವರನ್ನ ನಾನು ನೋಡಿಲ್ಲ. ಹೊಲದ ಬದುವಿನಲ್ಲಿ ಪಂಚೆಗೆ ಅಂಟಿಕೊಂಡು ಬರೋ ಗಿಡ ಇದು. ನಂಬರು ಬೇರೆ ಕೊಟ್ಟಿದ್ದೀ! ಮೂರನೇ ನಂಬರಿನದು ಸ್ವಲ್ಪ ಸೊರಗಿದೆ."

ಗೆರೆಯಪ್ಪ ಗೋಡೆಗೆ ಒರಗಿ ಎಲ್ಲ ಒಪ್ಪಿಸಿದ. ಕಿತ್ತದ್ದು, ಕೆರೆದದ್ದು, ಅತ್ತೆಯ ಕಾಲು. ಮೇಷ್ಟ್ರು ನಗಲು ಬಾಯಿ ತೆರೆದವರು ಕಾಲಿನ ವಿಚಾರ ಬಂದಾಗ ಮುಚ್ಚಿದರು.

"ಬೀಜ ಮಣ್ಣಿನಲ್ಲಿರುತ್ತೆ ಮಾರಾಯ. ಎಲ್ಲಾ ಬೀಜ ಒಂದೇ ದಿನ ಹುಟ್ಟಲ್ಲ. ನೀನು ಕಿತ್ತಿದ್ದು ಅರ್ಧ, ಉಳಿದರ್ಧ ಆ ಮಣ್ಣಿನಲ್ಲೇ ಇತ್ತು. ಮಣ್ಣೆಲ್ಲಿ?"

"ಮಣ್ಣು..." ಗೆರೆಯಪ್ಪ ಬೀದಿಯ ತುದಿಯತ್ತ ಕೈ ತೋರಿಸಿದ. "ದೊಡ್ಡ ರಸ್ತೆ ಮಧ್ಯೆ."

ಸೈಕಲ್ಲು ಹತ್ತಿ ದೌಡಾಯಿಸಿದ. ಬಸ್ಸು, ಲಾರಿ, ಸ್ಕೂಟರುಗಳು ಎರಡೂ ಕಡೆ ಭೋರ್ಗರೆಯುತ್ತಿದ್ದವು. ನಡುವೆ, ನಾಲ್ಕು ಅಡಿ ಅಗಲದ ಡಿವೈಡರ್ ಉದ್ದಕ್ಕೂ, ಮಳೆ ಕುಡಿದು ಗೇಣುದ್ದ ಬೆಳೆದು, ಒಂದರ ಮೇಲೊಂದು ಬಿದ್ದು, ತಳ್ಳಾಡಿ, ಕಿಲಕಿಲ ಎನ್ನುತ್ತಿತ್ತು ಹೆಂಡತಿಯ ತೋಟ! ಇಡೀ ಪಟಾಲಂ! ಲಾರಿಯ ಗಾಳಿ ಬೀಸಿದಾಗಲೆಲ್ಲ ಎಲ್ಲವೂ ಒಟ್ಟಿಗೆ ಗೆರೆಯಪ್ಪನ ಕಡೆ ತಲೆ ತೂಗಿದವು.

ಗೆರೆಯಪ್ಪನಿಗೆ ಅಲ್ಲೇ ಕುಣಿಯಬೇಕೆನಿಸಿತು. ಆದರೆ ಡಿವೈಡರ್‌ನಿಂದ ಗಿಡ ಕಿತ್ತರೆ ದಂಡ ಎಂಬ ಫಲಕ ಪಕ್ಕದಲ್ಲೇ ಇತ್ತು. ಅದನ್ನು ಬರೆದವನೂ ಅವನೇ. ಅಕ್ಷರಗಳು ಎಷ್ಟು ನೆಟ್ಟಗಿವೆ ಎಂದು ಹಿಂದೆ ಅಲ್ಲಿ ನಿಂತು ಮೆಚ್ಚಿಕೊಂಡಿದ್ದ ಕೂಡ.

ಮರುದಿನ ಬೆಳಗ್ಗೆ ಆ ಜಾಗದಲ್ಲಿ ಕಿತ್ತಳೆ ಬಣ್ಣದ ಕೋನುಗಳು ನಿಂತವು. ಕಿತ್ತಳೆ ಜಾಕೀಟು ತೊಟ್ಟ ಗೆರೆಯಪ್ಪ, ಡಬ್ಬಿ, ಬಣ್ಣದ ಯಂತ್ರ. ಕೋನು ಇಟ್ಟ ಮೇಲೆ ಭೂಮಿ ಮೇಲೆ ಏನು ಬೇಕಾದರೂ ಮಾಡಬಹುದು, ಯಾರೂ ಕೇಳುವುದಿಲ್ಲ. ಇದು ನಗರಸಭೆಯ ನೌಕರರಿಗೆ ಮಾತ್ರ ಗೊತ್ತಿರುವ ಬ್ರಹ್ಮರಹಸ್ಯ. ಡಬ್ಬಿ ಡಿವೈಡರ್ ಪಕ್ಕದ ಬಿಳಿ ಗೆರೆಗೆ ಹೊಸ ಬಣ್ಣ ಬಳಿಯುವ ನಾಟಕ ಆಡಬೇಕು, ಗೆರೆಯಪ್ಪ ಅದರ ಮರೆಯಲ್ಲಿ ಸಸಿ ಎತ್ತಬೇಕು.

"ಯಾವುದು ಅಣ್ಣ ಅತ್ತೆಯವರದ್ದು? ಕರ್ಣಕುಂಡಲವೇ ಮುನ್ನೂರಿವೆ."

ಅದೇ ಪ್ರಶ್ನೆ. ಹೂವು ಬಿಡುವವರೆಗೆ ಎಲ್ಲವೂ ಒಂದೇ ತಾಯಿಯ ಮಕ್ಕಳು. ಕೆಂಪು ಕಾಂಡದ್ದಾದರೆ ಕಡು ಬಣ್ಣದ ಹೂವು, ಹಸಿರು ಕಾಂಡದ್ದಾದರೆ ಬಿಳಿ, ಎರಡೂ ಬೆರೆತದ್ದಾದರೆ ತನಗೂ ಗೊತ್ತಿಲ್ಲ ಎಂದಿದ್ದರು ಮೇಷ್ಟ್ರು. ಗೆರೆಯಪ್ಪ ಯೋಚಿಸಿದ. ಅತ್ತೆ ಟೀಚರು. ಶಿಸ್ತಿನ ಹೆಂಗಸು. ಅವರ ಹೂವೂ ಶಿಸ್ತಿನದ್ದೇ ಇರಬೇಕು! ಮುನ್ನೂರರಲ್ಲಿ ಅತ್ಯಂತ ನೆಟ್ಟಗೆ ನಿಂತ ಇಪ್ಪತ್ತನ್ನು ಆರಿಸಿ, ಬಕೆಟ್ಟಿನಲ್ಲಿಟ್ಟು, ಮೇಲೆ ಬಣ್ಣದ ಬಟ್ಟೆ ಮುಚ್ಚಿ ಮನೆಗೆ ತಂದು, ದಾರದ ಕೆಳಗೆ ನೆಟ್ಟ. ಎರಡು ವಾರದಲ್ಲಿ ಇಪ್ಪತ್ತೂ ಅರಳಿದವು. ಇಪ್ಪತ್ತೂ ಗುಲಾಬಿ ಬಣ್ಣ! ಒಂದಕ್ಕೂ ಇಂಕಿನ ಚುಕ್ಕೆ ಇರಲಿಲ್ಲ.

ಅಂದಿನಿಂದ ದಿನಾ ಬೆಳಗ್ಗೆ ಡಿವೈಡರ್ ತಪಾಸಣೆ. ಮೊಗ್ಗು ಬಿರಿದ ಗಿಡಗಳನ್ನೆಲ್ಲ ಒಂದೊಂದಾಗಿ ನೋಡಬೇಕು. ನೋಡಲು ಕೋನು ಇಡಬೇಕು. ಕೋನು ಇಟ್ಟಮೇಲೆ ಏನಾದರೂ ಕೆಲಸ ಮಾಡಬೇಕಲ್ಲ! ಗೆರೆಗೆ ಮತ್ತೊಂದು ಬಣ್ಣ. ಮರುದಿನ ಮತ್ತೊಂದು. ಹನ್ನೊಂದು ದಿನಕ್ಕೆ ಹನ್ನೊಂದು ಬಣ್ಣ! ಗೆರೆ ಮೊದಲು ಗೆರೆಯಾಗಿತ್ತು, ಆಮೇಲೆ ಪಟ್ಟಿಯಾಯಿತು, ಆಮೇಲೆ ದಿಬ್ಬವಾಯಿತು. ಸ್ಕೂಟರುಗಳು ಅದರ ಮೇಲೆ ಹತ್ತಿದರೆ ದಡಕ್, ಇಳಿದರೆ ದಡಕ್. ಹಲ್ಲುಸೆಟ್ಟು ಕಳಚಿ ಬಿದ್ದ ಹಿರಿಯರೊಬ್ಬರು ಅದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ ಇಂಜಿನಿಯರ್ ಸಾಹೇಬರ ಮೇಜಿನ ಮೇಲೆ ಇಟ್ಟರು.

ಸಾಹೇಬರು ಗೆರೆಯಪ್ಪನನ್ನು ಕರೆಸಿದರು.

"ಏನ್ರೀ, ಗೆರೆ ಎಳೆಯೋಕೆ ಹೇಳಿದ್ರೆ ಗೋಡೆ ಕಟ್ಟಿದ್ದೀರಲ್ಲ!"

"ಸ್ವಲ್ಪ ಮಾಸಿತ್ತು ಸಾರ್."

"ಹನ್ನೊಂದು ಸಲ ಮಾಸಿತ್ತಾ? ನಾಳೆ ಶುಕ್ರವಾರ, ನಾನೇ ನಿಂತಿರ್ತೀನಿ. ಅಷ್ಟನ್ನೂ ಕೆರೆದು, ಒಂದೇ ಒಂದು ಗೆರೆ, ನನ್ನ ಕಣ್ಣೆದುರಿಗೆ ಎಳೀಬೇಕು. ಆಮೇಲೆ ಆ ಡಿವೈಡರ್ ಹತ್ತಿರ ಸುಳಿದ್ರೆ ನಿಮ್ಮನ್ನ ಚರಂಡಿ ವಿಭಾಗಕ್ಕೆ ಹಾಕ್ತೀನಿ. ಅಲ್ಲಿ ಗೆರೆಗಳಿಲ್ಲ, ಗೊತ್ತಲ್ಲ?"

ಶನಿವಾರ ಸಂಜೆ ಹೆಂಡತಿಯೂ ಅತ್ತೆಯೂ ಬರುವವರು. ಇಂಕಿನ ಹೂವು ಇನ್ನೂ ಸಿಕ್ಕಿಲ್ಲ. ಇರುವುದು ಶುಕ್ರವಾರ ಒಂದೇ, ಅದೂ ಸಾಹೇಬರ ಕಣ್ಣೆದುರು!

ಶುಕ್ರವಾರ ಬೆಳಗ್ಗೆ ಹತ್ತು ಗಂಟೆಗೆ ಅರ್ಧ ರಸ್ತೆ ಮುಚ್ಚಿತು. ಹನ್ನೊಂದು ಬಣ್ಣದ ದಿಬ್ಬವನ್ನು ಉಳಿ ಸುತ್ತಿಗೆ ಹಿಡಿದು ಎಬ್ಬಿಸಿದ್ದಾಯಿತು. ಸಾಹೇಬರು ಕೊಡೆಯ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತರು. ವಾಹನಗಳು ಸಾಲುಗಟ್ಟಿದವು. ಸಾಲಿನ ಬಾಲ ಕಣ್ಣಿಗೆ ಕಾಣದಷ್ಟು ದೂರ ಹೋಯಿತು. ಹಾರ್ನುಗಳ ಮೇಳ ಶುರುವಾಯಿತು. ಡಬ್ಬಿ ದಾರ ಕಟ್ಟಿದ. ಗೆರೆಯಪ್ಪ ಮೀಟಿದ. ಬಾಣದಂಥ ಗುರುತು ಬಿತ್ತು. ಡಬ್ಬಿ ಯಂತ್ರ ತಳ್ಳತೊಡಗಿದ, ಗೆರೆಯಪ್ಪ ಮುಂದೆ ಮುಂದೆ ಬೆನ್ನು ಬಗ್ಗಿಸಿ ಧೂಳು ಗುಡಿಸುತ್ತ ಹೋದ. ಕಣ್ಣು ನೆಲದ ಮೇಲೆ, ಮನಸ್ಸು ಡಿವೈಡರ್ ಮೇಲೆ.

ನೂರು ಅಡಿ ಹೋಗಿರಬೇಕು. ಪೊರಕೆ ನಿಂತಿತು.

ಡಿವೈಡರ್‌ನ ಎರಡು ಅಂಚುಗಲ್ಲುಗಳ ಸಂದಿಯಿಂದ ಒಂದು ಗಿಡ ಹೊರಗೆ ನುಸುಳಿತ್ತು. ಕಾಂಡ ಎಸ್ ಆಕಾರದಲ್ಲಿ ಎರಡು ಸಲ ತಿರುಚಿಕೊಂಡು, ಹಿಂದಿನ ದಿನದ ಮಳೆಗೆ ತೂಕ ತಾಳದೆ, ರಸ್ತೆಯ ಮೇಲೆ, ಸರಿಯಾಗಿ ಗೆರೆಯ ಗುರುತಿನ ಮೇಲೆ ಬಾಗಿ ನಿಂತಿತ್ತು. ಇಷ್ಟು ಸೊಟ್ಟ ಗಿಡವನ್ನು ಅವನು ಜೀವಮಾನದಲ್ಲೇ ಕಂಡಿರಲಿಲ್ಲ. ತುದಿಯಲ್ಲಿ ಅಂದು ಬೆಳಗ್ಗೆ ಬಿರಿದ ಒಂದೇ ಒಂದು ಹೂವು. ಬಿಳಿ. ಬಿಳಿಯ ಮೇಲೆ ನೇರಳೆ ಚಿಮುಕು!

"ಅಣ್ಣ, ಪಕ್ಕಕ್ಕೆ ಬನ್ನಿ! ಯಂತ್ರ ಬರ್ತಿದೆ!"

ಗೆರೆಯಪ್ಪ ಮಂಡಿಯೂರಿದ. ಬೆರಳಿನಿಂದ ಮೆಲ್ಲನೆ ಕಾಂಡವನ್ನು ಒಳಗೆ ಸರಿಸಿ ನೆಟ್ಟಗೆ ಮಾಡಲು ನೋಡಿದ. ನೀರು ತುಂಬಿದ ಕಾಂಡ ಲಟ್ ಎಂದಿತು. ಒಂದು ಕೂದಲಿನಷ್ಟು ಬಿರುಕು. ಗೆರೆಯಪ್ಪ ಬೆಂಕಿ ಮುಟ್ಟಿದವನಂತೆ ಕೈ ತೆಗೆದ. ಕೀಳುವಂತಿಲ್ಲ, ಬೇರು ಕಲ್ಲಿನ ಕೆಳಗೆ. ನೆಟ್ಟಗೆ ಮಾಡುವಂತಿಲ್ಲ, ಮುರಿಯುತ್ತದೆ. ಯಂತ್ರ ಮೂರು ಅಡಿ ದೂರದಲ್ಲಿ ಬಿಳಿ ಬಣ್ಣ ಉಗುಳುತ್ತ ಬರುತ್ತಿದೆ.

"ಬಗ್ಗಿಸು!" ಎಂದು ಕೂಗಿದ.

"ಬಗ್ಗಿದ್ದೀನಲ್ಲ ಅಣ್ಣ, ಬೆನ್ನು ನೋಯ್ತಿದೆ!"

"ನಿನ್ನನ್ನಲ್ಲವೋ! ಗೆರೇನ! ಗೆರೇನ ಬಗ್ಗಿಸು!"

ಡಬ್ಬಿ ಇಪ್ಪತ್ತು ವರ್ಷದಲ್ಲಿ ಇಂಥ ಮಾತು ಕೇಳಿರಲಿಲ್ಲ. ಯಂತ್ರ ನಿಲ್ಲಿಸಿ ಗೆರೆಯಪ್ಪನ ಹಣೆ ಮುಟ್ಟಿ ನೋಡಿದ. "ಬಿಸಿಲಿಗೆ ಹೀಗಾಗುತ್ತೆ ಅಣ್ಣ. ಸ್ವಲ್ಪ ನೀರು ಕುಡೀರಿ."

ಗೆರೆಯಪ್ಪ ಅವನ ಕೈಯಿಂದ ಯಂತ್ರ ಕಸಿದುಕೊಂಡ. ಹಲ್ಲು ಕಚ್ಚಿದ. ಕಣ್ಣು ಮುಚ್ಚಿದ. ತಳ್ಳಿದ. ನೂರು ಅಡಿ ನೇರ ಬಂದ ಗೆರೆ, ಹೂವಿನ ಮುಂದೆ ಬಂದು, ತುಂಬಿದ ಬಸುರಿಗೆ ದಾರಿ ಬಿಡುವವರಂತೆ ಹೊಟ್ಟೆ ಒಳಗೆಳೆದುಕೊಂಡು ಪಕ್ಕಕ್ಕೆ ಸರಿದು, ಅರ್ಧಚಂದ್ರ ಬಳಸಿ, ಮತ್ತೆ ತನ್ನ ದಾರಿ ಹಿಡಿಯಿತು. ಕಣ್ಣು ತೆರೆದು ನೋಡಿದ. ಅವನ ಜೀವಮಾನದ ಮೊದಲ ಸೊಟ್ಟ ಗೆರೆ. ಹೂವು ಮಾತ್ರ ಅಲುಗದೆ ಇತ್ತು.

ಸಾಹೇಬರು ಕುರ್ಚಿ ಬೀಳುವಂತೆ ಎದ್ದರು. "ಏನ್ರೀ ಅದು? ಏನದು? ಗೆರೆ ಸೊಟ್ಟ!"

ಆ ಹೊತ್ತಿಗೆ ವಾಹನಗಳ ಸಾಲಿನ ನಡುವಿನಿಂದ ಇನ್ನೊಂದು ಧ್ವನಿ ಮೇಲೆದ್ದಿತು. ಮೂವತ್ತೈದು ವರ್ಷ ನಲವತ್ತು ನಲವತ್ತು ಮಕ್ಕಳನ್ನು ಬೆಂಚಿಗೆ ಅಂಟಿಸಿ ಕೂರಿಸಿದ ಧ್ವನಿ.

"ಯಾರ್ರೀ ಅದು ರಸ್ತೆ ಮುಚ್ಚಿರೋದು? ಒಂದು ಗಂಟೆಯಿಂದ ಟ್ಯಾಕ್ಸೀಲಿ ಕೂತು ಬೇಯ್ತಿದ್ದೀವಿ! ಕೇಳೋರಿಲ್ವಾ?"

"ಅಮ್ಮಾ, ಕೂತ್ಕೋ, ನಾನು ಹೋಗಿ ಕೇಳ್ತೀನಿ..." ಎಂದು ಇನ್ನೊಂದು ಧ್ವನಿ.

"ನೀನು ಕೇಳೋದು ಸಾಕು. ನಿನ್ನ ಮಾತು ಯಾರು ಕೇಳ್ತಾರೆ! ಬಿಡು ಬಾಗಿಲು!"

ಗೆರೆಯಪ್ಪ ಯಂತ್ರ ಬಿಟ್ಟು ಹೂವಿನ ಪಕ್ಕ ಮತ್ತೆ ಮಂಡಿಯೂರಿ ಅಡಗಿದ. ಶನಿವಾರ ಸಂಜೆ ಬರಬೇಕಾದವರು, ಶುಕ್ರವಾರ ಹನ್ನೊಂದಕ್ಕೇ! ಅಳಿಯನನ್ನು ಬೆರಗುಗೊಳಿಸೋಣವೆಂದು ಒಂದು ದಿನ ಮೊದಲೇ ಹೊರಟಿದ್ದರು.

ಟ್ಯಾಕ್ಸಿಯ ಬಾಗಿಲು ತೆರೆಯಿತು. ಮೊದಲು ವಾಕರ್ ಹೊರಬಂತು, ಆಮೇಲೆ ಒಂದು ಕಾಲು, ಆಮೇಲೆ ಇನ್ನೊಂದು ಕಾಲು. ಕೋಪದಲ್ಲಿ ಅತ್ತೆಗೆ ತಾವು ಭಯಪಡಬೇಕು ಎಂಬುದೇ ಮರೆತುಹೋಗಿತ್ತು. ಎರಡು ಲಾರಿ, ಒಂದು ಬಸ್ಸು, ಏಳು ಸ್ಕೂಟರು ದಾಟಿ ಟಕ್ ಟಕ್ ಟಕ್ ಎಂದು ಬಂದರು. ನಡುದಾರಿಯಲ್ಲಿ ಒಬ್ಬ ಹಾರ್ನು ಹೊಡೆದ. ಅವನತ್ತ ತೋರಿಸಲು ವಾಕರನ್ನೇ ಎತ್ತಿ ಬೀಸಿದರು. ಹಾಗೆ ಎತ್ತಿದ್ದನ್ನು ಕೆಳಗಿಡಲೂ ಮರೆತರು! ಹಿಂದೆ ಸಿಸ್ಟರಮ್ಮ ಎರಡೂ ಕೈ ಚಾಚಿಕೊಂಡು, ಹಿಡಿಯಲೂ ಆಗದೆ, ಬಿಡಲೂ ಆಗದೆ, ಬಾಯಿಯಲ್ಲೇ ಹೆಜ್ಜೆ ಎಣಿಸುತ್ತ ಬರುತ್ತಿದ್ದಳು. "ಮೂವತ್ತೆಂಟು... ಮೂವತ್ತೊಂಬತ್ತು... ಅಯ್ಯೋ ದೇವರೇ, ನಲವತ್ತು..."

ನಲವತ್ತನಾಲ್ಕನೆಯ ಹೆಜ್ಜೆಗೆ ಅತ್ತೆ ಕೋನಿನ ಮುಂದೆ ಬಂದು ನಿಂತರು.

"ಎಲ್ಲಿ ಅವನು, ಈ ಕೆಲಸದ ಯಜಮಾನ?"

ಕಿತ್ತಳೆ ಜಾಕೀಟಿನಲ್ಲಿ, ಮಂಡಿಯೂರಿ, ಮೂಗಿನ ಮೇಲೆ ಬಿಳಿ ಬಣ್ಣ ಮೆತ್ತಿಕೊಂಡು ಯಜಮಾನ ಕೂತಿದ್ದ. ಅತ್ತೆ ಅವನನ್ನು ನೋಡಿದರು. ಅವನ ಪಕ್ಕ ನೋಡಿದರು. ಎತ್ತಿದ ವಾಕರ್ ನಿಧಾನವಾಗಿ ಇಳಿದು, ಕೈ ಜಾರಿ ಪಕ್ಕಕ್ಕೆ ಬಿತ್ತು.

"ಇದು..." ಎಂದರು. ಧ್ವನಿಯಿಂದ ಟೀಚರು ಮಾಯವಾಗಿದ್ದರು. "ಇದು ನಂದಲ್ವೇನೇ?"

ಸಿಸ್ಟರಮ್ಮ ಬಗ್ಗಿ ನೋಡಿದಳು. ಹೂವನ್ನು ನೋಡಿದಳು, ಅರ್ಧಚಂದ್ರದ ಗೆರೆಯನ್ನು ನೋಡಿದಳು. ಆಮೇಲೆ ಡಿವೈಡರ್ ಉದ್ದಕ್ಕೂ ಕಣ್ಣು ಹಾಯಿಸಿದಳು. ಚೆಂಡುಹೂವು, ಕೋಳಿಜುಟ್ಟು, ಸಂಜೆಮಲ್ಲಿಗೆ, ಮುನ್ನೂರು ಕರ್ಣಕುಂಡಲ. ಅವಳ ಕಣ್ಣು ತುಂಬಿ ಬಂತು.

"ಅಮ್ಮ, ನೀನು ನಿಂತಿದ್ದೀಯ," ಎಂದಳು. "ಏನೂ ಹಿಡಿಯದೆ ನಿಂತಿದ್ದೀಯ."

ಅತ್ತೆ ತಮ್ಮ ಕಾಲನ್ನು ತಾವೇ ನೋಡಿಕೊಂಡರು, ಬೇರೆ ಯಾರದೋ ಕಾಲು ತಮ್ಮ ಕೆಳಗೆ ಬಂದಿದೆಯೇನೋ ಎನ್ನುವಂತೆ. ಆಮೇಲೆ ಅಳಿಯನ ಕಡೆ ತಿರುಗಿದಾಗ ಅವರ ಮುಖದಲ್ಲಿ ಇಪ್ಪತ್ತೆರಡು ವರ್ಷದಲ್ಲಿ ಗೆರೆಯಪ್ಪ ಒಮ್ಮೆಯೂ ಕಾಣದ ಬೆಳಕಿತ್ತು.

"ನೋಡೇ," ಎಂದರು ಮಗಳಿಗೆ, ಸುತ್ತ ನೆರೆದ ಸ್ಕೂಟರಿನವರಿಗೆಲ್ಲ ಕೇಳುವಂತೆ. "ಮನೆ ಅಂಗಳದಲ್ಲಿ ಹತ್ತು ಹೆಜ್ಜೆ ನಡೆಸೋಣ ಅಂದಿದ್ದೆ ನೀನು. ನನ್ನ ಅಳಿಯ ನೋಡು! ನಾನು ಬರೋ ದಾರಿಗೆಲ್ಲ ನನ್ನ ಹೂವಿನ ತೋಟವನ್ನೇ ತಂದು ಹಾಸಿದ್ದಾನೆ! ಒಂದು ಹೂವಿಗೋಸ್ಕರ ನಗರಸಭೆ ಗೆರೆಯನ್ನೇ ಬಗ್ಗಿಸಿದ್ದಾನೆ!"

ಸ್ಕೂಟರಿನವರು ಚಪ್ಪಾಳೆ ತಟ್ಟಿದರು. ಬಸ್ಸಿನ ಕಂಡಕ್ಟರ್ ಸೀಟಿ ಊದಿದ. ಚರಂಡಿ ವಿಭಾಗದ ಆಜ್ಞೆಯನ್ನು ನಾಲಿಗೆ ತುದಿಯಲ್ಲಿಟ್ಟುಕೊಂಡು ಬಂದಿದ್ದ ಇಂಜಿನಿಯರ್ ಸಾಹೇಬರು ಚಪ್ಪಾಳೆ ಕೇಳಿ ಅದನ್ನು ನುಂಗಿಕೊಂಡರು. "ನಮ್ಮ ವಿಭಾಗದ್ದೇ ಯೋಜನೆ ತಾಯಿ," ಎಂದರು ಕೈಮುಗಿದು. "ಬಹಳ ದಿನದಿಂದ ನಡೀತಿದೆ. ಇವರು ಹನ್ನೊಂದು ದಿನ ಇಲ್ಲೇ ಬಿಡಾರ ಹೂಡಿದ್ದರು. ಹೇಳ್ರೀ, ಎಲ್ಲರಿಗೂ ಹೇಳ್ರೀ, ಸಂಕೋಚ ಪಡಬೇಡಿ!"

ಗೆರೆಯಪ್ಪ ಎದ್ದು ನಿಂತ. ಜನ ಅವನನ್ನೇ ನೋಡುತ್ತಿದ್ದರು. ಡಬ್ಬಿ ಕೂಡ ಮೆಚ್ಚುಗೆಯಿಂದ ನೋಡುತ್ತಿದ್ದ. ನಿಜವೆಲ್ಲ ಗೊತ್ತಿದ್ದೂ ಅವನಿಗೆ ನಂಬಿಕೆ ಬರತೊಡಗಿತ್ತು. ಒಂದು ಮಾತೂ ಆಡದೆ ಸುಮ್ಮನೆ ನಕ್ಕುಬಿಟ್ಟರೆ ಸಾಕಿತ್ತು, ಮುಂದಿನ ಇಪ್ಪತ್ತೆರಡು ವರ್ಷಕ್ಕಾಗುವಷ್ಟು ಕೀರ್ತಿ ಕಾಲ ಬುಡದಲ್ಲಿ ಬಂದು ಬಿದ್ದಿತ್ತು.

ಸಿಸ್ಟರಮ್ಮ ಕಣ್ಣೊರೆಸಿಕೊಂಡು ಹತ್ತಿರ ಬಂದಳು. ಅವನ ಮೂಗಿನ ಮೇಲಿನ ಬಣ್ಣವನ್ನು ಸೆರಗಿನಿಂದ ಒರೆಸಿದಳು. ಮೆತ್ತಗೆ ಕೇಳಿದಳು:

"ನಿಜ ಹೇಳಿ. ಇಷ್ಟನ್ನೂ ನೀವೇ ಬೆಳೆಸಿದ್ರಾ?"

"ಇಲ್ಲ ಕಣೇ," ಎಂದ ಗೆರೆಯಪ್ಪ. "ನಾನು ಕಿತ್ತು ಬಿಸಾಡಿದ್ದೆ. ಅವೇ ಬಂದವು."